ಹಲಗೆ ಗೋಡೆಗೆ ಒಳಂಗಿ

ಯಾದಗಿರಿ ಸ್ಟೇಷನ್

ನಾನು ನ್ಯೂಜಿಲೆಂಡಿಗೆ ಹೋದದ್ದು ಕುರಿ ನೋಡಲಿಕ್ಕೆ. ನೋಡಿ ಬಂದದ್ದು ಒಂದು ಮನೆಯನ್ನು. ಸರಕಾರಕ್ಕೆ ಕೊಟ್ಟ ವರದಿಯಲ್ಲಿ ಕುರಿಯ ವಿಷಯವೆಲ್ಲ ಇದೆ. ಮನೆಯ ವಿಷಯಕ್ಕೆ ಅದರಲ್ಲಿ ಜಾಗ ಇರಲಿಲ್ಲ, ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನಿಜಾಮರ ಆಳ್ವಿಕೆ ಮುಗಿದು ನಮ್ಮ ಸೀಮೆ ಭಾರತದೊಳಗೆ ಸೇರಿ ಇನ್ನೂ ಕೆಲವೇ ವರ್ಷಗಳಾಗಿದ್ದವು. ಶಹಾಪುರದ ನಮ್ಮ ಉಣ್ಣೆ ದಫ್ತರಿನಲ್ಲಿ ಕಾಗದಪತ್ರಗಳು ಉರ್ದುವಿನಿಂದ ಇಂಗ್ಲಿಷಿಗೆ ಹೊರಳುತ್ತಿದ್ದ ಕಾಲ. ದೊಡ್ಡ ಸಾಹೇಬರಿಗೆ ಇಂಗ್ಲಿಷ್ ಬರುತ್ತಿತ್ತು, ಕುರಿ ಬರುತ್ತಿರಲಿಲ್ಲ. ನನ್ನ ಅಪ್ಪ ಸುರಪುರದ ಕಡೆ ಕುರಿ ಕಾಯ್ದುಕೊಂಡಿದ್ದವನು. ಹಾಗಾಗಿ ನನಗೆ ಕುರಿ ಪೂರ್ತಿ ಬರುತ್ತಿತ್ತು, ಇಂಗ್ಲಿಷ್ ಅರ್ಧ ಬರುತ್ತಿತ್ತು. ಕುರಿ ಸಾಕಣೆ ಕಲಿತು ಬರಲು ಒಬ್ಬನನ್ನು ಹೊರದೇಶಕ್ಕೆ ಕಳಿಸಿ ಎಂದು ಮೇಲಿನಿಂದ ಹುಕುಂ ಬಂದಾಗ ಈ ಅರ್ಧದ ಬಲದ ಮೇಲೆ ನನ್ನ ಹೆಸರು ಹೋಯಿತು.

ಹೊರಡುವ ದಿನ ಯಾದಗಿರಿ ಸ್ಟೇಷನ್ನಿಗೆ ಅವ್ವ ಬಂದಿದ್ದಳು. ಗೋಗಿಯಿಂದ ಸೋದರಮಾವನೂ ಬಂದಿದ್ದ. ಅವನು ಪ್ಲಾಟ್‌ಫಾರ್ಮಿನ ಮೇಲೆ ಕುಕ್ಕರುಗಾಲಲ್ಲಿ ಕೂತು ಬೀಡಿ ಹಚ್ಚಿಕೊಂಡು ತನ್ನ ತಕರಾರು ಹೇಳಿದ.

"ಅಲ್ಲೋ ಮಾಳಪ್ಪ, ನಮ್ಮ ಊರು ಹಿಂದೂಸ್ತಾನಕ್ಕ ಸೇರ್ಯಾದಂತ ನನಗ ಇನ್ನಾ ಪೂರಾ ನಂಬಿಗಿ ಬಂದಿಲ್ಲ. ಅಷ್ಟರಾಗ ನೀ ಹಿಂದೂಸ್ತಾನ ಬಿಟ್ಟೇ ಹೊಂಟೀಯಲ್ಲ!"

ಅವ್ವ ನಮ್ಮ ಮುತ್ಯಾನ, ಅಂದರೆ ಅಜ್ಜನ, ಕರಿ ಕಂಬಳಿಯನ್ನು ಮಡಿಸಿ ನನ್ನ ಹೆಗಲಿಗೆ ಹಾಕಿದಳು. "ಅಲ್ಲಿ ಥಂಡಿ ಭಾಳಂತ. ಅವರ ಹೊದಿಕಿ ನಂಬಬ್ಯಾಡ."

ನನ್ನ ಮುತ್ಯಾ ಆ ಕಂಬಳಿ ಆರಿಸಿದ್ದು ಸುರಪುರದ ಸಂತೆಯಲ್ಲಿ. ಅವನು ಕಂಬಳಿ ಆರಿಸುವ ಕ್ರಮ ಹೀಗಿತ್ತು. ಇಬ್ಬರಿಂದ ನಾಲ್ಕು ಮೂಲೆ ಹಿಡಿಸಿ, ನಡುವೆ ತಗ್ಗು ಮಾಡಿ, ಒಂದು ಚರಿಗೆ ನೀರು ಸುರಿಯುವನು. ಹುಣಸೆ ಬೀಜದ ಗಂಜಿ ಚೆನ್ನಾಗಿ ಕುಡಿದ ಕಂಬಳಿಯಾದರೆ ಕೆಳಗೆ ಹನಿ ಬೀಳುವುದಿಲ್ಲ. ಆಮೇಲೆ ತೊಯ್ಯದ ಇನ್ನೊಂದು ಮೂಲೆಯನ್ನು ಬಾಯಿಗೆ ಒತ್ತಿ ಹಿಡಿದು ಉಸಿರು ಬಿಡುವನು. ಆಚೆ ಕಡೆ ಅಂಗೈ ಇಟ್ಟರೆ ಬಿಸಿ ತಾಗಬೇಕು. ಎರಡೂ ಆದರೆ ಮಾತ್ರ ಅದು ಕಂಬಳಿ. ಮೊದಲನೆಯದರ ಅರ್ಥ ನನಗೆ ಚಿಕ್ಕಂದಿನಿಂದ ಗೊತ್ತಿತ್ತು. ಎರಡನೆಯದನ್ನು ಮುದುಕರ ಚಾಳಿ ಎಂದುಕೊಂಡು ಬಿಟ್ಟಿದ್ದೆ.

ಹಡಗಿನ ಮೇಲೆ

ಹಡಗಿನ ಬಗ್ಗೆ ಹೇಳುವುದು ಹೆಚ್ಚಿಲ್ಲ. ನೀರು ಇತ್ತು, ಮರುದಿನವೂ ನೀರೇ ಇತ್ತು. ನನ್ನ ಕೋಣೆಯಲ್ಲಿ ಜೊತೆಗಿದ್ದ ಒಬ್ಬ ಬಿಳಿಯ ವ್ಯಾಪಾರಿ ಎರಡು ದಿನ ಸುಮ್ಮನಿದ್ದು, ಮೂರನೆಯ ದಿನ ಬಹಳ ವಿನಯದಿಂದ, ಕೋಣೆಯಲ್ಲಿ ಯಾವುದಾದರೂ ಪ್ರಾಣಿ ಇದೆಯೇ ಎಂದು ಕೇಳಿದ. ಕಂಬಳಿ ತೋರಿಸಿದೆ. ಅವನು ಅದನ್ನು ಮೂಸಿ ನೋಡಿ, ಸಮಾಧಾನವಾದವನಂತೆ ತಲೆಯಾಡಿಸಿ, ಕಿಟಕಿ ತೆರೆದಿಟ್ಟುಕೊಂಡು ಮಲಗಿದ. ಉಳಿದ ಪ್ರಯಾಣದಲ್ಲಿ ನಮ್ಮಿಬ್ಬರ ನಡುವೆ ಜಗಳ ಬರಲಿಲ್ಲ.

ಟಾಮ್‌ನ ಹಳೆಯ ಮನೆ

ನನ್ನನ್ನು ಇಳಿಸಿದ್ದು ಆ ದೇಶದ ದಕ್ಷಿಣ ದ್ವೀಪದಲ್ಲಿ, ಟಾಮ್ ಎಂಬ ಕುರಿ ಸಾಕುವವನ ಮನೆಯಲ್ಲಿ. ಅವನ ಹೆಂಡತಿ ಆಲಿಸ್. ಮಕ್ಕಳಿರಲಿಲ್ಲ. ಇವರು ಆಡುತ್ತಿದ್ದದ್ದು ಇಂಗ್ಲಿಷು. ಆದರೆ ನನ್ನ ತಲೆಯೊಳಗೆ ಅದು ಸುರಪುರದ ಮಾತಾಗಿಯೇ ಇಳಿಯುತ್ತಿತ್ತು, ಹಾಗೆಯೇ ಬರೆಯುತ್ತೇನೆ. ಅವರ ಭಾಷೆಯಲ್ಲಿ ‘ರೀ’ ಇಲ್ಲ. ಅದನ್ನು ನಾನೇ ಹಚ್ಚಿದ್ದೇನೆ, ಇಲ್ಲದಿದ್ದರೆ ಒಳ್ಳೆಯ ಮಂದಿ ಒರಟರಂತೆ ಕಾಣುತ್ತಾರೆ.

ಟಾಮ್ ನಾಯಿಗಳ ಜೊತೆ ಸಿಳ್ಳೆಯಲ್ಲಿ ಮಾತಾಡುತ್ತಿದ್ದ. ಒಂದು ಸಿಳ್ಳೆಗೆ ನಾಯಿ ಎಡಕ್ಕೆ ಹೋಗುತ್ತಿತ್ತು, ಇನ್ನೊಂದಕ್ಕೆ ಕೂತುಬಿಡುತ್ತಿತ್ತು. ದಿನಕ್ಕೆ ನಾಯಿಗೆ ಹಾಕಿದ ಸಿಳ್ಳೆಯ ಅರ್ಧದಷ್ಟೂ ಮಾತು ಅವನು ಮನುಷ್ಯರ ಜೊತೆ ಆಡುತ್ತಿರಲಿಲ್ಲ. ಆಲಿಸ್‌ಗೆ ಮಾತು ಬೇಕಿತ್ತು, ಆದರೆ ಎದೆ ಬಿಡುತ್ತಿರಲಿಲ್ಲ. ಟಾಮ್ ಕೆಸರಿನ ಬೂಟಿನಲ್ಲಿ ಅಡುಗೆಮನೆಗೆ ಬಂದಾಗ ಆಕೆ ಬೈಯಲು ಶುರುಮಾಡುವಳು; ನಡುವೆ ಕೆಮ್ಮು ಬಂದು ಬೈಗುಳ ಅರ್ಧಕ್ಕೇ ನಿಲ್ಲುವುದು. ಅಷ್ಟರಲ್ಲಿ ಟಾಮ್ ಮತ್ತೊಂದು ಬಾಗಿಲಿನಿಂದ ಹೊರಗೆ ಹೋಗಿರುತ್ತಿದ್ದ.

ನನ್ನನ್ನೂ ದಿನಕ್ಕೆ ಹತ್ತಾರು ಸಲ ಬೈಯುತ್ತಿದ್ದರು, ಬಾಗಿಲಿನ ಸಲುವಾಗಿ. ನಾನು ಒಳಗೆ ಬಂದರೆ ಬಾಗಿಲು ತೆರೆದೇ ಬಿಡುತ್ತಿದ್ದೆ. ನಮ್ಮ ಕಡೆ ಹಗಲು ಹೊತ್ತಿನಲ್ಲಿ ಬಾಗಿಲು ಮುಚ್ಚಿದರೆ ಓಣಿಯವರು ಬಂದು ಏನಾಯಿತೆಂದು ಕೇಳುತ್ತಾರೆ. ಒಲೆಯ ಹೊಗೆಗೆ ಮಾಳಿಗೆಯಲ್ಲಿ ಬೆಳಕಿಂಡಿ ಇರುತ್ತದೆ, ಗಾಳಿಗೆ ಬಾಗಿಲು ಇರುತ್ತದೆ. ಮನೆ ಎಂದರೆ ಮಲಗುವಾಗ ಮಾತ್ರ ಮುಚ್ಚುವ ಪೆಟ್ಟಿಗೆ. ಇಲ್ಲಿ ಹಾಗಲ್ಲ. ಥಂಡಿಗೆ ಹೆದರಿ ಎಲ್ಲವನ್ನೂ ಬಿಗಿದಿರುತ್ತಿದ್ದರು. ಒಳಗೆ ಒಲೆಯ ಮೇಲೆ ಕೆಟಲ್ ಇಡೀ ದಿನ ಕುದಿಯುತ್ತಿತ್ತು, ಒಗೆದ ಬಟ್ಟೆಯೂ ಒಲೆಯ ಮುಂದೆಯೇ ಒಣಗುತ್ತಿತ್ತು.

ಒಣಗಿಸುವುದೆಂದರೆ ನನ್ನ ಒಂದು ಫಜೀತಿ ಹೇಳಬೇಕು. ಮೊದಲ ವಾರ ಕಂಬಳಿ ತೊಯ್ದಿತ್ತು. ಮನೆಯ ದಕ್ಷಿಣ ಗೋಡೆಗೆ ಹರವಿ ಬಿಸಿಲಿಗೆ ಕಾದೆ. ಮಧ್ಯಾಹ್ನವಾಯಿತು, ಸಂಜೆಯಾಯಿತು, ಬಿಸಿಲು ಬರಲೇ ಇಲ್ಲ. ಮನೆಯ ಆಚೆ ಬದಿಗೆ ಹೋಗಿ ನೋಡಿದರೆ ಅಲ್ಲಿ ಭರ್ತಿ ಬಿಸಿಲು. ಆ ದೇಶದಲ್ಲಿ ಸೂರ್ಯ ಉತ್ತರದ ಕಡೆಯಿಂದ ಹೋಗುತ್ತಾನೆ ಎಂದು ನನಗೆ ಯಾರೂ ಹೇಳಿರಲಿಲ್ಲ, ಅವರಿಗದು ಹೇಳುವ ಮಾತಾಗಿ ತೋರಿರಲೂ ಇಲ್ಲ.

ಬಿಸಿಲು ಕಾಣದ ಆ ದಕ್ಷಿಣ ಗೋಡೆಯ ಒಳಗೇ ಆಲಿಸ್ ಮಲಗುವ ಕೋಣೆ ಇತ್ತು. ನನ್ನದು ಅದರ ಮಗ್ಗುಲಿಗೆ. ದಿನಾ ಬೆಳಗಾದರೆ ಆ ಕಡೆಯಿಂದ ಚಿಂದಿ ಗೋಡೆಗೆ ತಿಕ್ಕುವ ಸಪ್ಪಳ, ಹಿಂಡಿದ ನೀರು ಬಕೆಟ್ಟಿಗೆ ಬೀಳುವ ಸಪ್ಪಳ, ನಡುನಡುವೆ ಕೆಮ್ಮು. ನಾನು ಎಚ್ಚರಾಗುತ್ತಿದ್ದದ್ದೇ ಅದಕ್ಕೆ. ಒಮ್ಮೆ ಇಣುಕಿ ನೋಡಿದೆ. ಹೊರಗೆ ಮಳೆ ಇರಲಿಲ್ಲ. ಒಳಗೋಡೆ ಮಾತ್ರ ಬೆವರಿದ ಹಾಗಿತ್ತು, ಮೂಲೆಯಲ್ಲಿ ಕಪ್ಪು ಬೂಷ್ಟು ಹಬ್ಬಿತ್ತು. ಮಳೆ ಹಿಂದಿನ ವಾರದ್ದಿರಬೇಕು, ಹಲಗೆಯೊಳಗೆ ಉಳಿದಿದೆ ಎಂದುಕೊಂಡೆ.

ಹೊಸ ಮನೆಯ ಎಲುಬು

ಡಾಕ್ಟರು ಆಲಿಸ್‌ಗೆ ಸ್ಪಷ್ಟ ಹೇಳಿದ್ದರು. ಇನ್ನೊಂದು ಚಳಿಗಾಲ ಈ ಹಸಿ ಮನೆಯಲ್ಲಿ ಬೇಡ. ಒಣ ಮನೆಯಾದರೆ ಇರು, ಇಲ್ಲವಾದರೆ ಪಟ್ಟಣದಲ್ಲಿರುವ ಅಕ್ಕನ ಹತ್ತಿರ ಹೋಗು. ಆಲಿಸ್ ಹುಟ್ಟಿದ್ದು ಕುರಿಗಳ ನಡುವೆ, ಪ್ರತಿಯೊಂದು ಕುರಿಯ ಮೋರೆ ಬಲ್ಲವಳು. ಒಮ್ಮೆ ಹೋದರೆ ತಿರುಗಿ ಬರುವುದಿಲ್ಲ ಎಂಬುದು ಆಕೆಗೂ ಗೊತ್ತಿತ್ತು, ಟಾಮ್‌ಗೂ ಗೊತ್ತಿತ್ತು. ಇಬ್ಬರೂ ಆ ಮಾತು ಎತ್ತುತ್ತಿರಲಿಲ್ಲ. ಅದರ ಬದಲು ಟಾಮ್ ದಿನ್ನೆಯ ಮೇಲೆ ಹೊಸ ಮನೆ ಎಬ್ಬಿಸುತ್ತಿದ್ದ.

ಕಟ್ಟುತ್ತಿದ್ದವನು ಜ್ಯಾಕ್ ಎಂಬ ಬಡಗಿ. ನಮ್ಮಲ್ಲಿ ಮನೆ ಕಟ್ಟುವುದೆಂದರೆ ಗೋಡೆಯಿಂದ ಶುರು, ಮೊಳಕೈ ಉದ್ದದ ಕಲ್ಲು, ಮಣ್ಣು. ಇಲ್ಲಿ ಗೋಡೆಯೇ ಇರಲಿಲ್ಲ. ಬರೀ ಕಟ್ಟಿಗೆಯ ಎಲುಬು ನಿಂತಿತ್ತು, ಒಳಗೆ ನಿಂತರೆ ನಾಲ್ಕೂ ದಿಕ್ಕಿನ ಕುರಿ ಕಾಣುತ್ತಿದ್ದವು. ಮುಂದೆ ಇದರ ಒಳಬದಿಗೆ ಹಲಗೆ, ಹೊರಬದಿಗೆ ಒಂದರ ಮೇಲೊಂದು ಹತ್ತಿ ಕೂರುವ ಹಲಗೆ, ನಡುವೆ ಪೊಳ್ಳು. ಇದನ್ನೇ ಅವರು ಗೋಡೆ ಎನ್ನುತ್ತಾರೆ. ನಮ್ಮೂರ ಎತ್ತು ಬೆನ್ನು ತಿಕ್ಕಿದರೆ ಇದು ನಿಲ್ಲುವುದಿಲ್ಲ ಎಂದು ಮನಸ್ಸಿನಲ್ಲೇ ಅಂದುಕೊಂಡೆ.

ಆ ಸೀಮೆಯ ಗಾಳಿ ಮಳೆಯನ್ನು ಅಡ್ಡ ಹೊಡೆಯುತ್ತದೆ. ಹೊರ ಹಲಗೆಯ ಸಂದಿನಿಂದ ನೀರು ನುಗ್ಗುತ್ತದೆ. ಅದಕ್ಕೆ ಹೊರ ಹಲಗೆ ಹೊಡೆಯುವ ಮೊದಲು ಎಲುಬಿನ ಸುತ್ತ ಒಂದು ಒಳಂಗಿ ತೊಡಿಸಬೇಕು. ಯಾವ ಒಳಂಗಿ ಎಂಬುದರ ಮೇಲೆ ಕೆಲಸ ನಿಂತುಬಿಟ್ಟಿತ್ತು. ಚಳಿಗಾಲ ಹತ್ತಿರವಾಗುತ್ತಿತ್ತು.

ಪಂಚಾಯ್ತಿ

ಜ್ಯಾಕ್ ತಂದದ್ದು ಡಾಂಬರು ಕುಡಿಸಿದ ಕರಿ ಕಾಗದದ ಸುರುಳಿ, ಕೈಯಲ್ಲಿ ಹಿಡಿದರೆ ಒರಟು ರಟ್ಟಿನ ಹಾಗೆ. ಟಾಮ್ ತಂದದ್ದು ಯುದ್ಧ ಮುಗಿದ ಮೇಲೆ ಮಿಲಿಟರಿಯವರು ಮಾರಿದ ರಬ್ಬರು ಬಟ್ಟೆಯ ಥಾನು. ದಪ್ಪ, ನುಣುಪು, ಹೊಳಪು.

"ನನ್ನ ಹೆಂಡ್ತಿ ಮನಿಗಿ ಕಾಗದ ಸುತ್ತಲೇನು? ಇದರೊಳಗ ಒಂದು ಹನಿ ಹಾಯಂಗಿಲ್ಲ," ಎಂದ ಟಾಮ್.

"ಹಾಯಂಗಿಲ್ಲ, ಖರೆ," ಎಂದ ಜ್ಯಾಕ್. "ಆದ್ರ ಮನಿಗಿ ಅಷ್ಟು ಬಿಗಿ ಬ್ಯಾಡ. ನಮ್ಮಪ್ಪನೂ ಕಾಗದನೇ ಬಡೀತಿದ್ದ." ಯಾಕೆ ಬೇಡ ಎಂದು ಕೇಳಿದರೆ ಅವನಿಗೂ ಹೇಳಲು ಬರಲಿಲ್ಲ.

ಇಬ್ಬರೂ ಹಟಮಾರಿಗಳು. ಕೊನೆಗೆ ಅಡುಗೆಮನೆಯಲ್ಲಿ ನನ್ನ ಕಡೆ ತಿರುಗಿದರು. ದೂರದಿಂದ ಬಂದವನು, ಯಾರ ಬಳಗವೂ ಅಲ್ಲ, ನೀನೇ ಹೇಳು ಎಂದರು. ಇಷ್ಟು ದೂರ ಬಂದು ಪಂಚನಾಗಿ ಕೂರುತ್ತೇನೆಂದು ಎಣಿಸಿರಲಿಲ್ಲ. ನನಗೆ ಖುಷಿಯಾಯಿತು.

ನಾನು ಮಣ್ಣಿನ ಮಾಳಿಗೆಯ ಕೆಳಗೆ ಬೆಳೆದವನು. ಜಡಿಮಳೆ ಹಿಡಿದರೆ ಅವ್ವ ಸೋರುವ ಕಡೆಗೆಲ್ಲ ಭಾಂಡೆ ಇಡುತ್ತಾ ಹೋಗುವಳು, ಕಡೆಗೆ ಅನ್ನ ಬೇಯಿಸಲು ಭಾಂಡೆ ಉಳಿಯುತ್ತಿರಲಿಲ್ಲ. ಅಂಥವನ ಮುಂದೆ ಒಂದು ಹನಿಯೂ ಹಾಯದ ಬಟ್ಟೆ ಹರವಿದರೆ ಅವನು ಬೇರೆ ಏನು ಹೇಳಿಯಾನು? ಒಂದು ನಿಮಿಷವೂ ಯೋಚಿಸದೆ ರಬ್ಬರು ಎಂದೆ. ಟಾಮ್ ನನ್ನ ಬೆನ್ನು ತಟ್ಟಿದ. ಜ್ಯಾಕ್ ಟೋಪಿ ಹಾಕಿಕೊಂಡ.

ಪಾತ್ರೆ ಒರೆಸುತ್ತಿದ್ದ ಆಲಿಸ್ ತಿರುಗಿ ನೋಡದೆಯೇ ಕೇಳಿದಳು. "ನಿಮ್ಮ ಊರಾಗ ಒಳಗಿನ ಗೋಡಿ ಹಸಿ ಆಗ್ತಾವೇನ್ರಿ?"

"ಮಳಿ ಬಂದು ಮಾಳಗಿ ಸೋರಿದ್ರ ಆಗ್ತಾವ್ರಿ."

"ಮಳಿ ಇಲ್ಲದಾಗ?"

"ಮಳಿ ಇಲ್ಲದಾಗ ನೀರು ಎಲ್ಲಿಂದ ಬರಬೇಕ್ರಿ?"

ಆಕೆ ಮುಂದೆ ಏನೋ ಹೇಳಹೊರಟಳು. ಕೆಮ್ಮು ಬಂತು, ಮಾತು ಅಲ್ಲಿಗೇ ಉಳಿಯಿತು. ಈ ಪಂಚಾಯ್ತಿಯಲ್ಲಿ ಮನೆ ಯಾರ ಸಲುವಾಗಿಯೋ ಅವಳನ್ನು ಯಾರೂ ಕೇಳಿರಲಿಲ್ಲ. ಆ ಮಟ್ಟಿಗೆ ನಮ್ಮೂರ ಪಂಚಾಯ್ತಿಗೂ ಅದಕ್ಕೂ ಏನೂ ಫರಕಿರಲಿಲ್ಲ.

ಗುಡ್ಡದ ಮೇಲೆ

ರಬ್ಬರು ಹೊಡೆಯುವ ಕೆಲಸ ಮರುದಿನ ಶುರುವಾಗಬೇಕಿತ್ತು. ಅದಕ್ಕೆ ಮೊದಲು ಗುಡ್ಡದ ಮೇಲಿನ ಕುರಿಗಳನ್ನು ಕೆಳಗೆ ಇಳಿಸುವುದಿತ್ತು. ಮೋಡ ಕವಿದಿತ್ತು. ನಾನು ಕಂಬಳಿಯನ್ನು ತಲೆಯಿಂದ ಇಳಿಬೀಳುವ ಹಾಗೆ ಮಡಿಸಿ ಕೊಪ್ಪೆ ಹಾಕಿಕೊಳ್ಳಲು ಹೋದರೆ ಟಾಮ್ ಬಿಡಲಿಲ್ಲ. ತಾನು ಯುದ್ಧದಲ್ಲಿ ತೊಟ್ಟಿದ್ದ ರಬ್ಬರು ಕೋಟನ್ನು ಕೊಟ್ಟ. ಅದೂ ಆ ಥಾನಿನ ಬಟ್ಟೆಯದೇ.

ಅವರ ಗುಡ್ಡ ನಮ್ಮ ಗುಡ್ಡದ ಹಾಗೆ ಬಂಡೆಗಲ್ಲಲ್ಲ, ಒದ್ದೆ ಹುಲ್ಲು. ಒಂದು ಹೆಜ್ಜೆ ಏರಿದರೆ ಅರ್ಧ ಹೆಜ್ಜೆ ಜಾರಬೇಕು. ನಾಯಿಗಳು ಟಾಮ್‌ನ ಸಿಳ್ಳೆ ಕೇಳುತ್ತಿದ್ದವು, ನನ್ನ ‘ಹುರ್ ಹುರ್’ಗೆ ಮಾತ್ರ ಮರ್ಯಾದೆಗೆಂಬಂತೆ ಒಮ್ಮೆ ತಿರುಗಿ ನೋಡುತ್ತಿದ್ದವು. ಅವು ಮಾಡದ ಓಡಾಟ ನಾನು ಮಾಡಿದೆ. ಜಿನುಗು ಬಿದ್ದು ನಿಂತುಹೋಯಿತು, ಮಳೆ ಎನ್ನುವಂಥದ್ದು ಬರಲೇ ಇಲ್ಲ.

ಮನೆಗೆ ಬಂದು ಕೋಟು ಬಿಚ್ಚಿದರೆ ಅಂಗಿ ಹಿಂಡುವಷ್ಟು ತೊಯ್ದಿತ್ತು.

"ನಿಮ್ಮ ಕೋಟು ಸೋರ್ತದ," ಎಂದೆ.

ಟಾಮ್‌ಗೆ ಸಿಟ್ಟು ಬಂತು. "ಲಡಾಯಿ ಪೂರಾ ಹಾಕ್ಕೊಂಡೀನಿ. ಸೋರಿಲ್ಲ."

ಮಾತಿಗೆ ಮಾತು ಯಾಕೆಂದು ಮುತ್ಯಾನ ಪರೀಕ್ಷೆ ಶುರುಮಾಡಿದೆ. ಎರಡು ಕುರ್ಚಿಯ ನಡುವೆ ಹೊರಬದಿ ಮೇಲಾಗಿ ಕೋಟು ಹರವಿ, ತಗ್ಗು ಮಾಡಿ, ಚರಿಗೆ ತುಂಬ ನೀರು ಸುರಿದೆ. ಟಾಮ್ ನೆಲದ ಮೇಲೆ ಅಂಗಾತ ಮಲಗಿ ಕೆಳಗಿನಿಂದ ನೋಡಿದ. ನಾನೂ ಮಲಗಿ ನೋಡಿದೆ. ನಮ್ಮ ಸುತ್ತ ಸುತ್ತಿಕೊಂಡು ನಾಯಿಯೂ ಬಂತು. ಒಂದು ಹನಿಯೂ ಬೀಳಲಿಲ್ಲ. ಟಾಮ್ ಗೆದ್ದವನ ಹಾಗೆ ಎದ್ದು ಕೂತ. ಹಾಗಾದರೆ ನನ್ನ ಅಂಗಿಯ ನೀರು ಎಲ್ಲಿಯದು?

ಆಲಿಸ್ ಕುರ್ಚಿಯ ಬೆನ್ನಿಗೆ ಹಾಕಿದ್ದ ಅಂಗಿಯನ್ನು ಮುಟ್ಟಿ ನೋಡಿದಳು. ಆಮೇಲೆ ಕೋಟಿನ ಒಳಬದಿಗೆ ಬೆರಳು ಎಳೆದಳು. ಬೆರಳಿನ ಹಿಂದೆ ನೀರಿನ ಗೆರೆ ಮೂಡಿತು.

"ಇದು ಮಳಿ ಅಲ್ರಿ," ಎಂದಳು. "ಇದು ನೀವೇ. ನಿಮ್ಮ ಬೆವರು ಹೊರಗ ಹೋಗಾಕ ಹಾದಿ ಸಿಕ್ಕಿಲ್ಲ." ಸ್ವಲ್ಪ ಉಸಿರು ತೆಗೆದುಕೊಂಡು ಟಾಮ್ ಕಡೆ ತಿರುಗಿದಳು. "ನಾ ದಿನಾ ಮುಂಜಾನಿ ಒರಸೋದು ಇದನ್ನೇ. ಹೊರಗಿನ ಮಳಿ ಅಲ್ಲ. ಈ ಕೆಟಲ್, ಈ ಬಟ್ಟಿ, ನಮ್ಮ ಉಸಿರು. ಹಳೀ ಗೋಡಿಗಿ ಸಂದಾದ್ರೂ ಅದಾವ. ಹೊಸ ಗೋಡಿಗಿ ಈ ಕೋಟು ಹಾಕ್ತೀಯಲ್ಲ, ಅದು ಒಳಗ ಕೊಳೀತದ. ನನ್ನ ಎದೀನೂ ಕೊಳೀತದ."

ಒಂದೇ ಸಲಕ್ಕೆ ಆಕೆ ಇಷ್ಟು ಮಾತಾಡಿದ್ದನ್ನು ನಾನು ಕೇಳಿರಲಿಲ್ಲ. ಮುಗಿಸಿದ ಮೇಲೆ ಬಹಳ ಹೊತ್ತು ಕೆಮ್ಮಿದಳು.

ನನಗೆ ನಾಚಿಕೆಯಾಯಿತು. ಹಗಲೆಲ್ಲ ಬಾಗಿಲು ತೆರೆದಿಡುವ ಊರಿನವನಿಗೆ ಮನೆಯೊಳಗೇ ನೀರು ಹುಟ್ಟುತ್ತದೆಂದು ಹೊಳೆದಿರಲಿಲ್ಲ. ನಮ್ಮಲ್ಲಿ ಅದು ಹುಟ್ಟಿದರೂ ಬೆಳಕಿಂಡಿಯಿಂದ ಎದ್ದು ಹೋಗುತ್ತದೆ, ಯಾರೂ ಗಮನಿಸುವುದಿಲ್ಲ. ಆಗ ಮುತ್ಯಾನ ಪರೀಕ್ಷೆಯ ಎರಡನೆಯ ಅರ್ಧ ನೆನಪಾಯಿತು. ಪಂಚನ ಮಾತು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ, ಇನ್ನೊಂದು ಪರೀಕ್ಷೆ ಉಳಿದಿದೆ ಎಂದೆ.

ಅಡುಗೆಮನೆಯ ಮೇಜು

ಮರುದಿನ ಜ್ಯಾಕ್ ಕಾಗದದ ತುಂಡು ತಂದ. ಮೇಜಿನ ಮೇಲೆ ಕಾಗದ, ರಬ್ಬರು, ನನ್ನ ಕಂಬಳಿ, ಮತ್ತು ಆಲಿಸ್‌ಳ ಮುಖ ನೋಡುವ ಸಣ್ಣ ಕನ್ನಡಿ. ಮುತ್ಯಾ ಅಂಗೈ ಇಡುತ್ತಿದ್ದ ಜಾಗದಲ್ಲಿ ಕನ್ನಡಿ ಹಿಡಿಯುವುದು ಜ್ಯಾಕ್‌ನ ಉಪಾಯ. ಕಿಟಕಿಯಲ್ಲಿಟ್ಟು ಅದನ್ನು ತಣ್ಣಗೆ ಮಾಡಿದ್ದ.

ಮೊದಲು ನೀರು. ಕಾಗದದ ತಗ್ಗಿನಲ್ಲಿ ಸುರಿದ ನೀರು ನಾವು ಚಹ ಕುಡಿದು ಮುಗಿಸುವ ತನಕ ನಿಂತೇ ಇತ್ತು, ಕೆಳಗೆ ಹನಿ ಬೀಳಲಿಲ್ಲ.

ಆಮೇಲೆ ಉಸಿರು. ಟಾಮ್ ತಾನು ಊದುತ್ತೇನೆಂದು ಮುಂದೆ ಬಂದ. ಅವನ ಎದೆ ಕಮ್ಮಾರನ ತಿದಿ. ಆಲಿಸ್ ಅವನ ಕೈಯಿಂದ ತುಂಡು ಕಸಿದುಕೊಂಡಳು.

"ಅದರೊಳಗ ಮಲಗೋಕಿ ನಾನು. ನನ್ನ ಉಸಿರು ಹಾದ್ರ ಸಾಕು."

ಕಂಬಳಿ ಬಾಯಿಗೆ ಒತ್ತಿ ಉಸಿರು ಬಿಟ್ಟಳು. ಕನ್ನಡಿ ಒಮ್ಮೆಗೇ ಮಂಜಾಯಿತು. ಕಂಬಳಿಯ ವಾಸನೆಗೆ ಮೂಗು ಸೊಟ್ಟ ಮಾಡಿದಳು. ರಬ್ಬರು ಹಿಡಿದಳು. ಕೆನ್ನೆ ಕೆಂಪಾಗುವ ತನಕ ಬಿಟ್ಟಳು. ಕನ್ನಡಿಯಲ್ಲಿ ಟಾಮ್‌ನ ಮೋರೆಯೇ ನಿಚ್ಚಳವಾಗಿ ಕಾಣುತ್ತಿತ್ತು. ಕಡೆಗೆ ಕಾಗದ. ಒಂದು ಉಸಿರು, ಎರಡು, ಮೂರು. ಏನೂ ಇಲ್ಲ. ಕೆಮ್ಮು ಬಂತು, ನಿಂತಳು, ಸೆರಗಿಲ್ಲದ ಆ ಉಡುಪಿನ ತೋಳಿಗೆ ಬಾಯಿ ಒರೆಸಿ ಮತ್ತೆ ಹಿಡಿದಳು. ಜ್ಯಾಕ್ ಕನ್ನಡಿ ಹಿಡಿದ ಕೈ ಅಲ್ಲಾಡಿಸಲಿಲ್ಲ.

ಕನ್ನಡಿಯ ನಡುವೆ ಎರಡಾಣೆ ಬಿಲ್ಲೆಯಷ್ಟು ಮಸುಕು ಕಟ್ಟಿತು.

ಟಾಮ್ ಕನ್ನಡಿ ಇಸಿದುಕೊಂಡು ಆ ಮಸುಕು ತಾನಾಗಿ ಆರುವ ತನಕ ನೋಡಿದ. ನಂತರ ಎದ್ದು ಹೋಗಿ ರಬ್ಬರು ಥಾನನ್ನು ಕಟ್ಟಿಗೆ ರಾಶಿಯ ಮೇಲೆ ಹೊದಿಸಿ ಬಂದ.

ಅಂದಿನಿಂದ ನಾನೂ ಕೆಲಸಕ್ಕೆ ನಿಂತೆ. ಕಾಗದವನ್ನು ಬುಡದಿಂದ ಸುತ್ತುತ್ತಾ ಮೇಲೇರಬೇಕು. ಮೇಲಿನ ಸುತ್ತಿನ ಅಂಚು ಕೆಳಗಿನದರ ಮೇಲೆ ಬರಬೇಕು, ನೀರು ಜಾರಿ ಹೋಗುವ ಹಾಗೆ. ನಮ್ಮ ಕೊಪ್ಪೆಯ ಮಡಿಕೆಯೂ ಹೀಗೇ ಇರುವುದರಿಂದ ಅದನ್ನು ನನಗೆ ಕಲಿಸುವ ಕಷ್ಟ ಜ್ಯಾಕ್‌ಗೆ ಬೀಳಲಿಲ್ಲ. ಮೊಳೆ ಹೊಡೆಯುವುದು ಮಾತ್ರ ಕಡೆಯವರೆಗೂ ಬರಲಿಲ್ಲ, ನನ್ನ ಹೆಬ್ಬೆರಳಿಗೆ ಅದರ ಗುರುತಿದೆ. ಆಲಿಸ್‌ಳ ಕೋಣೆಯನ್ನು ಉತ್ತರದ ಬಿಸಿಲಿಗೆ ಇಟ್ಟರು.

ಮೊದಲ ಹಿಮದ ಬೆಳಗು

ಹೊಸ ಮನೆಗೆ ಹೋದ ಕೆಲವು ದಿನಕ್ಕೇ ಥಂಡಿ ಇಳಿಯಿತು. ಒಂದು ಬೆಳಗ್ಗೆ ಎಚ್ಚರವಾಯಿತು, ಯಾಕೆ ಎಚ್ಚರವಾಯಿತೆಂದು ತಿಳಿಯಲಿಲ್ಲ. ಕಿಟಕಿಯಾಚೆ ಹುಲ್ಲೆಲ್ಲ ಉಪ್ಪು ಎರಚಿದ ಹಾಗೆ ಬೆಳ್ಳಗಿತ್ತು. ಕಿವಿಗೊಟ್ಟೆ. ಚಿಂದಿಯ ಸಪ್ಪಳ ಇಲ್ಲ, ಬಕೆಟ್ಟಿನದಿಲ್ಲ, ಕೆಮ್ಮೂ ಇಲ್ಲ. ಮಗ್ಗುಲ ಆಲಿಸ್‌ಳ ಕೋಣೆ ಗಪ್ಪಾಗಿತ್ತು.

ನಮ್ಮ ಕಡೆ ದಿನಾ ಕೆಮ್ಮುವವರು ಒಂದು ಬೆಳಗ್ಗೆ ಕೆಮ್ಮದಿದ್ದರೆ ನೆಂಟರಿಗೆ ಹೇಳಿ ಕಳಿಸುತ್ತಾರೆ. ಕಂಬಳಿ ಹೊದ್ದುಕೊಂಡೇ ಓಡಿದೆ.

ಟಾಮ್ ಆಕೆಯ ಬಾಗಿಲ ಮುಂದೆ ಬರಿಗಾಲಲ್ಲಿ ನಿಂತಿದ್ದ. ಒಂದು ಅಂಗೈಯನ್ನು ಗೋಡೆಗೆ ಊರಿದ್ದ. ನನ್ನನ್ನು ನೋಡಿ ಆ ಕೈ ತೆಗೆದು ತೋರಿಸಿದ. ಒಣಗಿತ್ತು. ಇನ್ನೊಂದು ಕೈಯ ಬೆರಳನ್ನು ತುಟಿಗೆ ಇಟ್ಟ.

"ಮಲಗ್ಯಾಳ," ಎಂದ.

ಸುರಪುರ

ತಿರುಗಿ ಬಂದ ಮೇಲೆ ಶಹಾಪುರದ ದಫ್ತರಿನಲ್ಲಿ ಸಾಹೇಬರು ಉಣ್ಣೆಯ ತೂಕ ಕೇಳಿದರು. ಗೋಗಿಯ ಮಾವ ಅಲ್ಲಿನ ಮಾಂಸದ ರುಚಿ ಕೇಳಿದ. ಮನೆಗೆ ಕಾಗದ ಸುತ್ತುತ್ತಾರೆ ಎಂದಾಗ ನಕ್ಕು, ಪರದೇಶದ ಸುಳ್ಳಿಗೆ ಸುಂಕ ಇಲ್ಲವೆಂದ.

ಸುರಪುರದ ಮನೆಯಲ್ಲಿ ಅವ್ವ ಮಾತ್ರ ಕಥೆ ಪೂರ್ತಿ ಕೇಳಿದಳು. ತೆರೆದ ಬಾಗಿಲಲ್ಲಿ ಕೂತು ಜೋಳ ಹಸನು ಮಾಡುತ್ತಿದ್ದಳು. ಮಗ್ಗುಲ ಕೋಣೆ ಗಪ್ಪಾಗಿತ್ತು ಎಂದಾಗ ಮೊರ ನಿಂತಿತು.

"ಎದ್ದಳೇನು?"

"ಎದ್ದಳವ್ವ. ಬಿಸಲು ಕಿಟಕಿಗಿ ಬಂದ ಮ್ಯಾಲ ಎದ್ದಳು. ಅಷ್ಟರಾಗ ನಾನೂ ಟಾಮನೂ ಗಂಜಿ ಕಾಸಾಕ ಹೋಗಿ ಹೊತ್ತಿಸಿ ಇಟ್ಟಿದ್ವಿ. ಇಬ್ಬರಿಗೂ ಬೈದಳು."

"ನಡಕ ಕೆಮ್ಮಿದಳೇನು?"

ನೆನಪು ಮಾಡಿಕೊಂಡೆ. ಸುಟ್ಟ ಪಾತ್ರೆ ಹಿಡಿದು ಆಲಿಸ್ ನಿಂತಿದ್ದಳು, ನಾವಿಬ್ಬರೂ ತಲೆ ತಗ್ಗಿಸಿ ನಿಂತಿದ್ದೆವು. ಟಾಮ್ ಆ ಸಲ ಬಾಗಿಲ ಕಡೆ ಹೋಗಿರಲಿಲ್ಲ. ಬೈಗುಳ ಬೂಟಿನ ಕೆಸರಿನಿಂದ ಶುರುವಾಗಿ ಅವನ ತಾಯಿಯ ಕಡೆಯವರ ತನಕ ಹೋಗಿ ಮುಗಿದಿತ್ತು.

"ಇಲ್ಲವ್ವ. ಒಮ್ಮೀನೂ ಇಲ್ಲ."

ಅವ್ವ ಮೊರ ಎತ್ತಿಕೊಂಡಳು.

"ಉಸಿರು ಕಡೀಲಾರದಂಗ ಗಂಡಗ ಪೂರಾ ಬೈದಾಳಂದ್ರ," ಎಂದಳು, "ಆ ಮನಿ ಛಲೋ ಕಟ್ಟ್ಯಾರ."